ಅಲ್ಲವೂ ಆ್ಯಂಟಿಬಯಾಟಿಕ್ಕೂ



ರೇಡಿಯೋ ಉದ್ಘೋಷಕಿಗೆ ಗಂಟಲೇ ಬಂಡವಾಳ. ಇತ್ತೀಚೆಗೆ ನನ್ನ ಆ ಬಂಡವಾಳವೇ ಕೈಕೊಟ್ಟಿತು. ಡಾಕ್ಟರು ಐದು ದಿನಕ್ಕೆ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಎರಡನೇ ದಿನಕ್ಕೆ ಗಂಟಲು ಸುಧಾರಿಸಿತು, ಹೊಟ್ಟೆ ಕೆಟ್ಟಿತು. ವಾಕರಿಕೆ, ಹೊಟ್ಟೆಯುಬ್ಬರ, ಅನ್ನ ಕಂಡರೆ ಬೇಡ. ಗುಳಿಗೆ ನಿಲ್ಲಿಸಿಬಿಡೋಣ ಅಂದುಕೊಂಡೆ. ಧಾರವಾಡದಿಂದ ಅವ್ವ ಫೋನಿನಲ್ಲಿ ಗದರಿದಳು: "ಗುಳಿಗಿ ಬಿಡಬ್ಯಾಡವ್ವಾ. ಒಂಚೂರು ಅಲ್ಲಾ ಜಜ್ಜಿ ಕುದಿಸಿ ಕುಡಿ."

ನಮ್ಮ ಉತ್ತರ ಕರ್ನಾಟಕದಲ್ಲಿ ಹಸಿಶುಂಠಿಗೆ 'ಅಲ್ಲ' ಅನ್ನುತ್ತೇವೆ. ಹೈದರಾಬಾದಿನಲ್ಲಿ ಅದು ಅಲ್ಲಂ, ಮುಂಬಯಿ-ಪುಣೆಯಲ್ಲಿ ಆಲೆ, ಚೆನ್ನೈನಲ್ಲಿ ಇಂಜಿ, ದೆಹಲಿಯಲ್ಲಿ ಅದರಕ್. ಕಷಾಯ ಕುಡಿಯುತ್ತ ಕೂತಾಗ ಒಂದು ಪ್ರಶ್ನೆ ಎದ್ದಿತು. ಈ ಅಲ್ಲ ಮತ್ತು ಆ್ಯಂಟಿಬಯಾಟಿಕ್ ಒಂದೇ ಹೊಟ್ಟೆಯಲ್ಲಿ ಸೇರಲು ಶುರುವಾದದ್ದು ಯಾವಾಗ?

ಶುಂಠಿಯದು ಬಲು ಹಳೆಯ ಕಥೆ. ಸಂಸ್ಕೃತದಲ್ಲಿ ಒಣಶುಂಠಿಗೆ 'ವಿಶ್ವಭೇಷಜ' ಎಂದೇ ಹೆಸರು. ಹಸಿವು ಹುಟ್ಟಿಸುವ ದ್ರವ್ಯಗಳ ಸಾಲಿನಲ್ಲಿ ಚರಕಸಂಹಿತೆ ಶುಂಠಿಯನ್ನು 'ಶೃಂಗವೇರ' ಎಂದು ಹೆಸರಿಸುತ್ತದೆ. ಕ್ರಿ.ಶ. 1ನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಕೂಡ ಇದು ಜಠರಕ್ಕೆ ಹಿತವೆಂದು ಬರೆದಿಟ್ಟ.

ಆ್ಯಂಟಿಬಯಾಟಿಕ್ ಇದರ ಮುಂದೆ ನಿನ್ನೆ ಮೊನ್ನೆಯ ಕೂಸು. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡದ್ದು 1928ರಲ್ಲಿ. ಅದು ಔಷಧವಾಗಿ ಜನರ ಕೈಗೆ ಬಂದದ್ದು 1940ರ ದಶಕದಲ್ಲಿ, ಅದೂ ಹೆಚ್ಚಾಗಿ ಇಂಜೆಕ್ಷನ್ ರೂಪದಲ್ಲಿ. 1948ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಿಂದ ಆರಿಯೋಮೈಸಿನ್ ಹೊರಬಂತು. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಭೀಮಾವರಂನಲ್ಲಿ ಹುಟ್ಟಿ, ಮದರಾಸಿನ ಮೆಡಿಕಲ್ ಕಾಲೇಜಿನಲ್ಲಿ ಓದಿದ ಯಲ್ಲಾಪ್ರಗಡ ಸುಬ್ಬರಾವ್. ಈ ಔಷಧವನ್ನು ಬಾಯಿಂದಲೇ ನುಂಗಬಹುದಿತ್ತು, ಹಲವು ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಇದು ಕೆಲಸ ಮಾಡುತ್ತಿತ್ತು. ನಮ್ಮಲ್ಲಿ 1954ರಲ್ಲಿ ಪುಣೆಯ ಬಳಿ ಪಿಂಪ್ರಿಯಲ್ಲಿ ಸರ್ಕಾರದ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಮರುವರ್ಷವೇ ಪೆನಿಸಿಲಿನ್ ತಯಾರಿಕೆ ಶುರುವಾಯಿತು. ಅಂದರೆ ನಮ್ಮ ಮನೆಗಳಲ್ಲಿ ಇವೆರಡರ ನಂಟು ಹೆಚ್ಚೆಂದರೆ ಮೂರು ತಲೆಮಾರಿನದು.

ಹಾಗಾದರೆ ಹಳೆಯ ಮದ್ದು ಹೊಸ ತೊಂದರೆಗೆ ಆದೀತೇ? ತೊಂದರೆ ಯಾವುದು ಎಂಬುದರ ಮೇಲೆ ಉತ್ತರವಿದೆ.

ವಾಕರಿಕೆಯ ಮಟ್ಟಿಗೆ ಅಜ್ಜಿಯರ ಮಾತಿಗೆ ಆಧಾರವಿದೆ. 1982ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. ಶುಂಠಿ ಪುಡಿ ತಿಂದವರು ತಿರುಗುವ ಕುರ್ಚಿಯಲ್ಲಿ, ವಾಂತಿ ತಡೆಯುವ ಮಾತ್ರೆ ನುಂಗಿದವರಿಗಿಂತ ಹೆಚ್ಚು ಹೊತ್ತು ತಾಳಿಕೊಂಡಿದ್ದರು. ಬಸುರಿಯರ ವಾಕರಿಕೆಯ ಮೇಲೂ ಆಮೇಲೆ ಪರೀಕ್ಷೆಗಳು ನಡೆದು, ಒಂದಿಷ್ಟು ಗುಣ ಕಂಡುಬಂದಿದೆ.

ಭೇದಿಯ ಕಥೆಯೇ ಬೇರೆ. ರೋಗದ ಬ್ಯಾಕ್ಟೀರಿಯಾಗಳ ಜೊತೆಗೆ ಕರುಳಿನಲ್ಲಿರುವ ಒಳ್ಳೆಯವೂ ಔಷಧಕ್ಕೆ ಬಲಿಯಾಗುತ್ತವೆ. ಖಾಲಿಯಾದ ಜಾಗದಲ್ಲಿ ಕೆಟ್ಟವು ಬೆಳೆಯಬಹುದು. ಆ್ಯಂಟಿಬಯಾಟಿಕ್ ನಂತರ ಬರುವ ತೀವ್ರ ಕರುಳಿನ ಉರಿಯೂತಕ್ಕೆ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು 1978ರಲ್ಲಿ ಜಾನ್ ಬಾರ್ಟ್‌ಲೆಟ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಚರಕನ ಕಾಲದಲ್ಲಿ ಇಂಥ ಕಾಯಿಲೆಗೆ ಆಸ್ಪದವೇ ಇರಲಿಲ್ಲ. ಇದನ್ನು ಅಲ್ಲದ ಕಷಾಯ ವಾಸಿಮಾಡದು. ಪದೇ ಪದೇ ನೀರಾಗಿ ಭೇದಿಯಾದರೆ, ಜ್ವರ ಬಂದರೆ, ರಕ್ತ ಕಂಡರೆ ತಡಮಾಡದೆ ಡಾಕ್ಟರನ್ನು ಕಾಣಬೇಕು. ಮೈಯ ನೀರು ಇಂಗದಂತೆ ಓಆರ್‌ಎಸ್ ಕುಡಿಯುತ್ತಿರಬೇಕು. ಗುಳಿಗೆ ಬದಲಿಸುವುದೋ ನಿಲ್ಲಿಸುವುದೋ ಅವರೇ ಹೇಳಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಶುಂಠಿಯನ್ನು ಮದ್ದಾಗಿ ಸೇವಿಸುವ ಮುನ್ನ ಒಂದು ಮಾತು ಕೇಳುವುದು ಲೇಸು.

ನನ್ನದು ಬರೀ ವಾಕರಿಕೆಯಾಗಿತ್ತು, ಕಷಾಯಕ್ಕೆ ತಗ್ಗಿತು. ಐದು ದಿನದ ಗುಳಿಗೆಯನ್ನೂ ಮುಗಿಸಿದೆ. ಆಮೇಲೆ ಹೊಳೆಯಿತು, ಅವ್ವ ಹೇಳಿದ್ದು ಎರಡು ಮಾತು. ಅಲ್ಲದ ಮಾತು ನಮಗೆಲ್ಲ ನೆನಪಿರುತ್ತದೆ. ಅವಳು ಮೊದಲು ಹೇಳಿದ್ದು ಮಾತ್ರ ಗುಳಿಗೆ ಬಿಡಬೇಡ ಅಂತ.

ಗಂಟಲು ಸರಿಹೋಗಿದೆ. ಮತ್ತೆ ಬಾನುಲಿಯಲ್ಲಿ ಸಿಗೋಣ.