ಮಹಾರಾಜ ಕಾಲೇಜಿನ ಅರ್ಥಶಾಸ್ತ್ರ ತರಗತಿ

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಮೊದಲ ಕುಲಪತಿಗಳಾದವರು ಎಚ್.ವಿ. ನಂಜುಂಡಯ್ಯನವರು. ಅದರ ಹಿಂದಿನ ವರ್ಷ ನಡೆದ ಮೊದಲ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರೆಂಬುದು ಎಲ್ಲರಿಗೂ ಗೊತ್ತು. ಅವರು ಕನ್ನಡದಲ್ಲಿ ‘ಅರ್ಥಶಾಸ್ತ್ರ’ ಎಂಬ ಪುಸ್ತಕ ಬರೆದಿದ್ದರೆಂಬುದು ಮಾತ್ರ ಆ ವಿಷಯ ಓದಿದ ನಮಗೇ ಮರೆತುಹೋದಂತಿದೆ.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವ ಮೊದಲು ಮಹಾರಾಜ ಕಾಲೇಜಿನ ಹುಡುಗರು ಬರೆಯುತ್ತಿದ್ದುದು ಮದ್ರಾಸ್ ವಿಶ್ವವಿದ್ಯಾನಿಲಯದ ಪರೀಕ್ಷೆ. ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1911ರಲ್ಲೇ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಗಿ, ಬೇಸಾಯ, ಕೈಗಾರಿಕೆ, ವಿದ್ಯಾಭ್ಯಾಸಗಳ ಲೆಕ್ಕಾಚಾರ ಸಂಸ್ಥಾನದಲ್ಲಿ ನಡೆದಿತ್ತು. ಹಾಗಾಗಿ ಇಲ್ಲಿ ಅರ್ಥಶಾಸ್ತ್ರ ಬರೀ ಪರೀಕ್ಷೆಯ ವಿಷಯವಾಗಿ ಬಂದದ್ದಲ್ಲ ಎಂದೇ ನನ್ನ ನಂಬಿಕೆ. ಕೇಂಬ್ರಿಜ್‌ನಲ್ಲಿ ಓದಿ ಬಂದ ಎನ್.ಎಸ್. ಸುಬ್ಬರಾಯರು ಇಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಮುಂದೆ ಪ್ರಾಂಶುಪಾಲರೂ ಕುಲಪತಿಗಳೂ ಆದರು. ಜಾತಕ ಕಥೆಗಳನ್ನು ಹಿಡಿದು ಪ್ರಾಚೀನ ಭಾರತದ ಆರ್ಥಿಕ ಸ್ಥಿತಿಯ ಮೇಲೆ ಪುಸ್ತಕ ಬರೆದವರು ಅವರು.

ಇದೇ ಕಾಲೇಜಿನಲ್ಲಿ ನಾನು ಬಿ.ಎ.ಗೆ ಸೇರಿದ್ದು ಎಚ್.ಇ.ಪಿ. (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತೆಗೆದುಕೊಂಡು. ಹಳ್ಳಿಯಿಂದ ಬಂದ ನಮಗೆ ‘ಸೀಮಾಂತ ತುಷ್ಟಿಗುಣ’ ಎಂಬ ಮಾತು ಬಾಯಲ್ಲಿ ತಿರುಗಲು ವಾರ ಹಿಡಿಯಿತು. ಮೇಷ್ಟ್ರು ಬೋರ್ಡಿನ ಮೇಲೆ ಬೇಡಿಕೆ ರೇಖೆ ಎಳೆದು, ಸೀಮೆಸುಣ್ಣ ಕೆಳಗಿಟ್ಟು, “ನಾಳೆ ಬೆಳಗ್ಗೆ ದೇವರಾಜ ಮಾರುಕಟ್ಟೆಗೆ ಬನ್ನಿ” ಎಂದರು. ನಾವು ಹೋದದ್ದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಮಲ್ಲಿಗೆಯ ಬೆಲೆ ಮೊಳಕ್ಕೆ ಎಷ್ಟೆಂದು ಗಂಟೆಗೊಮ್ಮೆ ಬರೆದುಕೊಂಡೆವು. ಮಧ್ಯಾಹ್ನಕ್ಕೆ ಬೆಲೆ ಎರಡರಷ್ಟಾಯಿತು, ಕೊಳ್ಳುವವರು ಕಡಿಮೆಯಾಗಲಿಲ್ಲ. ರೇಖೆಯೇ ಬಲಕ್ಕೆ ಸರಿಯುವುದೆಂದರೇನು ಎಂಬುದು ನನಗೆ ತಿಳಿದದ್ದು ಅಲ್ಲಿ, ಆ ಹೂವಿನ ಬುಟ್ಟಿಗಳ ಮುಂದೆ.

ಮುಂದೆ ನಾನೂ ಪಾಠ ಹೇಳುವವನಾದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಒಳ್ಳೆಯ ಪುಸ್ತಕ ಸಾಲದು ಎಂಬ ಕೊರಗು ಕೊನೆಯವರೆಗೂ ಉಳಿಯಿತು. ಆ ಕೊರತೆಯ ನಡುವೆ ನೆರವಾದದ್ದು ಒಂದು ವರದಿ. ಪ್ರಾದೇಶಿಕ ಅಸಮತೋಲನದ ಬಗ್ಗೆ ಅಧ್ಯಯನ ನಡೆಸಿದ ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಗುರುತಿಸಿತು. ಆ ವರದಿಯನ್ನು ತರಗತಿಯಲ್ಲಿ ಓದಿಸಿದಾಗ ಪ್ರತಿ ಹುಡುಗನೂ ಹುಡುಗಿಯೂ ಮೊದಲು ಹುಡುಕುತ್ತಿದ್ದುದು ತಮ್ಮ ತಾಲ್ಲೂಕನ್ನು. ಅದಕ್ಕಿಂತ ಒಳ್ಳೆಯ ಪಠ್ಯ ನನಗೆ ಸಿಗಲಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ನಿಮ್ಮ ಅಟ್ಟದ ಮೇಲೆ ಆಗಿನ ನೋಟ್ಸ್, ಕನ್ನಡದ ಹಳೆಯ ಅರ್ಥಶಾಸ್ತ್ರ ಪುಸ್ತಕ, ಗ್ರಾಮ ಸಮೀಕ್ಷೆಯ ಹಾಳೆಗಳಿದ್ದರೆ ರದ್ದಿಗೆ ಹಾಕಬೇಡಿ. ಕಾಲೇಜಿನ ಗ್ರಂಥಾಲಯಕ್ಕೆ ತಲುಪಿಸಿ.