ತರಗತಿಗೆ ದುಭಾಷಿ ಬಂದ ದಾರಿ

ಕಿವಿ ಕೇಳದ ಮಗುವನ್ನು ಶಾಲೆಗೆ ಸೇರಿಸಿಕೊಂಡರೆ ಸಾಕೇ? ಪಾಠವೂ ಆ ಮಗುವಿಗೆ ತಲುಪಬೇಡವೇ? ಇಷ್ಟು ಸರಳವಾದ ಪ್ರಶ್ನೆ ನ್ಯಾಯಾಲಯದ ಕಟ್ಟೆ ಹತ್ತಲು ನೂರು ವರ್ಷ ಹಿಡಿಯಿತು ಎಂಬುದನ್ನು ನಾವು ಇತಿಹಾಸದಲ್ಲಿ ಕಾಣುತ್ತೇವೆ.

1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇರಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಸನ್ನೆ ಭಾಷೆ ಬೇಡ, ತುಟಿ ನೋಡಿ ಗ್ರಹಿಸುವುದನ್ನೂ ಮಾತನಾಡುವುದನ್ನೂ ಕಲಿಸಬೇಕು ಎಂದು ಅವರು ನಿರ್ಣಯಿಸಿದರು. ಅನೇಕ ದೇಶಗಳ ಶಾಲೆಗಳಿಂದ ಸನ್ನೆ ಭಾಷೆ ಹೊರಬಿತ್ತು. ಭಾಷೆಯನ್ನೇ ಒಪ್ಪದಿದ್ದ ಮೇಲೆ ದುಭಾಷಿಯ ಮಾತೆಲ್ಲಿ? ಆಸ್ಪತ್ರೆಗೋ ಕಚೇರಿಗೋ ಹೋಗಬೇಕಾದಾಗ ಮನೆಯ ಮಕ್ಕಳೋ ಪರಿಚಯದ ಪಾದ್ರಿಯೋ ಜೊತೆಗೆ ಬರುತ್ತಿದ್ದರು. ಅದು ಉಪಕಾರವಾಗಿತ್ತು, ವೃತ್ತಿಯಾಗಿರಲಿಲ್ಲ.

1960ರಲ್ಲಿ ಅಮೆರಿಕದ ವಿಲಿಯಂ ಸ್ಟೋಕಿ ಸನ್ನೆಗಳಿಗೂ ತಮ್ಮದೇ ರಚನೆ ಇದೆಯೆಂದು ತೋರಿಸಿದರು. 1964ರಲ್ಲಿ ಅದೇ ದೇಶದ ಇಂಡಿಯಾನಾ ರಾಜ್ಯದಲ್ಲಿ ದುಭಾಷಿಗಳ ಸಂಘ ಹುಟ್ಟಿತು. ಅಂಗವಿಕಲ ಮಕ್ಕಳೆಲ್ಲರಿಗೂ ಉಚಿತ, ಯೋಗ್ಯ ಶಿಕ್ಷಣ ಸಿಗಬೇಕೆಂಬ ಕಾನೂನು 1975ರಲ್ಲಿ ಬಂತು. ಆದರೆ 'ಯೋಗ್ಯ' ಎಂದರೆ ಎಷ್ಟು?

ಈ ಪ್ರಶ್ನೆ ಎತ್ತಿದ್ದು ನ್ಯೂಯಾರ್ಕ್ ರಾಜ್ಯದ ಬಾಲಕಿ ಏಮಿ ರೌಲಿಯ ಹೆತ್ತವರು. ಅವರಿಬ್ಬರೂ ಕಿವುಡರು. ಮಗಳಿಗೆ ತರಗತಿಯಲ್ಲಿ ದುಭಾಷಿ ಬೇಕೆಂದು ಕೇಳಿದರು. ಶಾಲೆ ಒಪ್ಪಲಿಲ್ಲ. ಕೆಳಗಿನ ನ್ಯಾಯಾಲಯಗಳಲ್ಲಿ ಅವರು ಗೆದ್ದರು. 1982ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರ ಪರ ವಾದಿಸಿದ ಮೈಕಲ್ ಚಾಟಾಫ್ ಸ್ವತಃ ಕಿವುಡ ವಕೀಲ. ನ್ಯಾಯಮೂರ್ತಿಗಳ ಪ್ರಶ್ನೆಗಳನ್ನು ಅವರು ಕಂಪ್ಯೂಟರ್ ಪರದೆಯ ಮೇಲೆ ಓದಿಕೊಂಡರು. ಆದರೂ 6-3ರ ಬಹುಮತದಿಂದ ತೀರ್ಪು ವಿರುದ್ಧವಾಯಿತು. ಬಾಲಕಿ ಪಾಸಾಗುತ್ತಿದ್ದಾಳೆ, ಕಾನೂನಿನ ಅಗತ್ಯ ಅಷ್ಟಕ್ಕೇ ಪೂರೈಸಿತು ಎಂಬುದು ಬಹುಮತದ ನಿಲುವು. ದುಭಾಷಿ ಇಲ್ಲದೆ ತರಗತಿಯ ಮಾತಿನಲ್ಲಿ ಅರ್ಧವೂ ಅವಳಿಗೆ ತಿಳಿಯದು ಎಂದು ಭಿನ್ನಮತದವರು ಬರೆದರು. ಜಾಣ ಮಗುವಿನ ಜಾಣತನವೇ ಅದಕ್ಕೆ ಮುಳುವಾಯಿತು.

ನಮ್ಮ ದೇಶದಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ದೆಹಲಿಯಲ್ಲಿ ಆರಂಭವಾದದ್ದು 2015ರಲ್ಲಿ. ದುಭಾಷಿಗಳಿಗಾಗಿ ಎರಡು ವರ್ಷದ ಡಿಪ್ಲೊಮಾ ಅಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು ನೇಮಿಸಲು ಹೇಳಿತು. 2020ರ ಶಿಕ್ಷಣ ನೀತಿಯೂ ಈ ಭಾಷೆಯನ್ನು ಎತ್ತಿಹಿಡಿಯಿತು.

ಎರಡು ವರ್ಷ ಏಕೆ ಬೇಕು? ಪದಕ್ಕೊಂದು ಸನ್ನೆ ಜೋಡಿಸಿದರೆ ಭಾಷೆಯಾಗುವುದಿಲ್ಲ. ಭಾರತೀಯ ಸನ್ನೆ ಭಾಷೆಯಲ್ಲಿ ಪ್ರಶ್ನೆಯ ಪದ ವಾಕ್ಯದ ಕೊನೆಗೆ ಬರುತ್ತದೆ, ಮುಖಭಾವವೂ ವ್ಯಾಕರಣದ ಭಾಗ. ಶಾಲೆಯಲ್ಲಿ ಕಷ್ಟ ಇನ್ನೂ ಹೆಚ್ಚು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಾ ಮಾತನಾಡುವಾಗ ಮಗು ಬೋರ್ಡನ್ನು ನೋಡುವುದೋ, ದುಭಾಷಿಯ ಕೈಯನ್ನೋ? ಆ ಹೊತ್ತಿನಲ್ಲಿ ಕಾಯುವುದನ್ನು, ಮಗುವಿನ ಪರವಾಗಿ ತಾನೇ ಉತ್ತರಿಸದಿರುವುದನ್ನು ಕಲಿಯಬೇಕು.

2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸಮ್ಮೇಳನ ಮಿಲಾನ್ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದಿಸಿತು. 2023ರಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ದುಭಾಷಿಯೊಂದಿಗೆ ನಮ್ಮ ಸುಪ್ರೀಂ ಕೋರ್ಟಿಗೆ ಹಾಜರಾದರು. ಕೋರ್ಟಿಗೆ ಬಂದ ದುಭಾಷಿ ಹಳ್ಳಿಯ ಶಾಲೆಗೂ ಬರಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಪಾಠದಿಂದ ಹೊರಗುಳಿದ ಮಗುವನ್ನು ಶಾಲೆಗೆ ಸೇರಿಸಿದ್ದೇವೆ ಎಂದು ನಾವು ಹೇಗೆ ಹೇಳೋಣ?