ಹಿತ್ತಲ ಬಾಗಿಲು, ಮುಂಬಾಗಿಲು: ಬೆಂಗಳೂರಿನ ಮನೆಗೆಲಸದ ಇತಿಹಾಸ

ಬೆಂಗಳೂರಿಗೆ ಹೋದ ಹೆಣ್ಣುಮಕ್ಕಳು ಅಲ್ಲೇನು ಮಾಡುತ್ತಾರೆ ಎಂದು ನಮ್ಮೂರುಗಳಲ್ಲಿ ಕೇಳಿ ನೋಡಿ. 'ಗಾರ್ಮೆಂಟ್ಸಿಗೆ ಹೋಗ್ತಾಳೆ' ಎನ್ನುವವರು ಗಟ್ಟಿಯಾಗಿ ಹೇಳುತ್ತಾರೆ. 'ಮನೆಕೆಲಸಕ್ಕೆ ಹೋಗ್ತಾಳೆ' ಎನ್ನುವವರು ದನಿ ತಗ್ಗಿಸುತ್ತಾರೆ.

ನಮ್ಮ ತಂಡದ ಗೆಳತಿಯೊಬ್ಬಳ ಚಿಕ್ಕಮ್ಮ ಹನುಮಂತನಗರದಲ್ಲಿ ಬಹಳ ವರ್ಷಗಳಿಂದ ನಾಲ್ಕು ಮನೆಗಳ ಕೆಲಸ ಮಾಡುತ್ತಿದ್ದಾರೆ. ಊರಿನ ಮದುವೆಗೆ ಬಂದಾಗ ಅವರೂ ದನಿ ತಗ್ಗಿಸಿಯೇ ಹೇಳುತ್ತಾರೆ. ಯಾರದೋ ಮನೆ ಹಸನು ಮಾಡಿ ಬೆವರು ಸುರಿಸಿ ಉಣ್ಣುವವರಿಗೆ ಈ ಸಂಕೋಚ ಎಲ್ಲಿಂದ ಬಂತು? ಅದನ್ನು ಹುಡುಕುತ್ತಾ ಒಂದು ದಿನ ಚಿಕ್ಕಮ್ಮನ ಜೊತೆಗೇ ಆ ಕಡೆಯ ಬೀದಿಗಳಲ್ಲಿ ನಡೆದೆವು. ಅರ್ಧ ಉತ್ತರ ಅಲ್ಲಿನ ಓಣಿಗಳಲ್ಲೇ ಇತ್ತು.

ಮನೆಯ ಹಿಂದಿನ ಓಣಿ

ಕೋಟೆ, ಪೇಟೆಗಳ ಹೊರಗೆ ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಸಾಯತೊಡಗಿದರು. ಗಾಳಿ ಬೆಳಕು ಇರುವ ಹೊಸ ಬಡಾವಣೆ ಬೇಕು ಎಂಬ ಒತ್ತಡ ಹೆಚ್ಚಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಹಾಗೆ. ಬಸವನಗುಡಿಯ ಪಕ್ಕದಲ್ಲೇ, ರಾಮಾಂಜನೇಯ ಗುಡ್ಡ ಮತ್ತು ಕುಮಾರಸ್ವಾಮಿ ದೇವಸ್ಥಾನದ ಗುಡ್ಡದ ಸುತ್ತ ಹರಡಿಕೊಂಡ ಹನುಮಂತನಗರ ಆಮೇಲಿನದು.

ಈ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಒಂದೊಂದು ಕಿರಿದಾದ ಓಣಿ ಇದೆ. ಬೆಂಗಳೂರಿನವರು ಅದನ್ನು ಕನ್ಸರ್ವೆನ್ಸಿ ಲೇನ್ ಎನ್ನುತ್ತಾರೆ. ಈಗ ಅಲ್ಲಿ ಬೈಕು ನಿಲ್ಲಿಸಿರುತ್ತಾರೆ. ಆಗ ಒಳಚರಂಡಿ ಇರಲಿಲ್ಲ, ಕಕ್ಕಸು ಹಿತ್ತಲಿನಲ್ಲಿ ಇರುತ್ತಿತ್ತು. ಮಲ ತುಂಬಿ ಒಯ್ಯುವವರು ಮುಂದಿನ ಬೀದಿಗೆ ಬರದೆ ಹಿಂದಿನ ಓಣಿಯಲ್ಲೇ ಬಂದು ಹೋಗಲಿ ಎಂದು ನಕ್ಷೆಯಲ್ಲೇ ಆ ದಾರಿ ಬರೆದಿದ್ದರು. ಪ್ಲೇಗಿಗೆ ಹೆದರಿ ಶುಚಿತ್ವಕ್ಕಾಗಿ ಕಟ್ಟಿದ ಬಡಾವಣೆ ಅದು. ಅದನ್ನು ಶುಚಿಯಾಗಿಡುವವರು ಮಾತ್ರ ಕಣ್ಣಿಗೆ ಬೀಳಬಾರದಿತ್ತು.

1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶಕ್ಕೆಲ್ಲ ಅಂಥ ಕಾಯ್ದೆ ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ಬೀದಿ ಗುಡಿಸುವವರ ಸ್ಥಿತಿ ನೋಡಲು ನೇಮಕವಾದ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನಕ್ಕೆ ಒಬ್ಬ ಪೌರಕಾರ್ಮಿಕರು ಬೇಕು ಎಂದಿತು. ಅಂದರೆ ಬೀದಿಯ ಕೆಲಸಕ್ಕೆ ಒಂದು ಅಳತೆ ಬಂತು. ಹೊಸ್ತಿಲಿನ ಒಳಗಿನ ಕೆಲಸಕ್ಕೆ ಆಗಲೂ ಅಳತೆ ಇರಲಿಲ್ಲ.

ಹಬ್ಬಕ್ಕೊಂದು ಸೀರೆ

ಒಳಗಿನ ಕೆಲಸಕ್ಕೆ ಬರುತ್ತಿದ್ದವರಿಗೂ ಒಂದು ಗಡಿ ಇತ್ತು. ಹಿತ್ತಲಲ್ಲಿ ಮುಸುರೆ ತಿಕ್ಕಬಹುದು, ಅಡುಗೆಮನೆಗೆ ಕಾಲಿಡುವಂತಿಲ್ಲ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಬೆಳಗಿದ ಹಿತ್ತಾಳೆ ಪಾತ್ರೆಗೆ ಮನೆಯವರು ಮತ್ತೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಕುಡಿಯಲು ಬೇರೆ ಲೋಟ. ಇದು ಪೂರ್ತಿ ಹೋಗಿದೆ ಎಂದು ನಾವು ಹೇಳಲಾರೆವು. ಚಿಕ್ಕಮ್ಮನಿಗೆ ಒಂದು ಮನೆಯಲ್ಲಿ ಈಗಲೂ ಕಾಫಿ ಬರುವುದು ಅವರಿಗೆಂದೇ ಎತ್ತಿಟ್ಟ ಸ್ಟೀಲ್ ಲೋಟದಲ್ಲಿ.

ಸಂಬಳ ಎಂಬುದೂ ಪೂರ್ತಿ ದುಡ್ಡಾಗಿರಲಿಲ್ಲ. ಉಳಿದ ಅನ್ನ ಸಾರು, ಹಬ್ಬಕ್ಕೊಂದು ಸೀರೆ, ಕಷ್ಟಕ್ಕೆ ಕೈಸಾಲ. ಕೊಟ್ಟವರ ಪ್ರೀತಿ ಸುಳ್ಳಲ್ಲ. ಆದರೆ ಪ್ರೀತಿಯಿಂದ ಕೊಟ್ಟದ್ದನ್ನು ಲೆಕ್ಕ ಹಿಡಿದು ಕೇಳಲು ಬರುವುದಿಲ್ಲ. ಎಷ್ಟೋ ಮನೆಗಳು ಊರಿನಿಂದ ಚಿಕ್ಕ ಹುಡುಗಿಯನ್ನೇ ಕರೆತಂದು ಇಟ್ಟುಕೊಳ್ಳುತ್ತಿದ್ದವು. ಓದಿಸುತ್ತೇವೆ ಎಂದು ಹೇಳಿ ಪೊರಕೆ ಕೊಟ್ಟವರೂ ಇದ್ದರು. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧವಾದದ್ದು 2006ರ ಅಕ್ಟೋಬರ್ 10ರಿಂದ. ನಮ್ಮಲ್ಲಿ ಅನೇಕರು ಆಗ ಶಾಲೆಗೆ ಹೋಗುವ ವಯಸ್ಸಿನವರು. ಅಂದರೆ ಇದು ತೀರಾ ಹಳೆಯ ಕಾಲದ ಮಾತಲ್ಲ.

ಗಂಟೆಗೆ ಬೆಲೆ ಬಂದದ್ದು

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು. ಸರ್ಕಾರ ಪಟ್ಟಿಗೆ ಸೇರಿಸಿದ ಕೆಲಸಗಳಿಗಷ್ಟೇ ಅದು ಅನ್ವಯವಾಗುತ್ತಿತ್ತು. ಮನೆಗೆಲಸ ಆ ಪಟ್ಟಿಯಲ್ಲಿ ಇರಲಿಲ್ಲ. ಮನೆಯೊಳಗಿನ ಕೆಲಸವನ್ನು ಹೆಂಗಸರು ಬಿಟ್ಟಿ ಮಾಡಿಕೊಂಡು ಬಂದಿದ್ದರಿಂದ ಅದು ಕೆಲಸವೇ ಅಲ್ಲ ಎನ್ನಿಸಿಬಿಟ್ಟಿತ್ತು. 1980ರ ದಶಕದಲ್ಲಿ ಬೆಂಗಳೂರಿನ ಕೊಳೆಗೇರಿಗಳಲ್ಲಿ ಮನೆಗೆಲಸದವರು ಸಂಘ ಕಟ್ಟತೊಡಗಿದರು. ವಿಮೆನ್ಸ್ ವಾಯ್ಸ್ ಸಂಸ್ಥೆಯ ರೂತ್ ಮನೋರಮಾ ಅವರನ್ನು ಸಂಘಟಿಸಿದವರಲ್ಲಿ ಒಬ್ಬರು. 2006ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 'ಕೆಲಸದವಳು' ಎಂಬಲ್ಲಿ 'ಗೃಹಕಾರ್ಮಿಕರು' ಎಂಬ ಮಾತು ಬಳಕೆಗೆ ಬಂದದ್ದು ಇಂಥ ಸಂಘಗಳಿಂದ.

2004ರಲ್ಲಿ ಕರ್ನಾಟಕ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ಸಾಲಿನ ರಾಜ್ಯ ನಮ್ಮದು. ಪಾತ್ರೆ, ಬಟ್ಟೆ, ಕಸ ಗುಡಿಸಿ ಒರೆಸುವುದು, ಮಗು ನೋಡಿಕೊಳ್ಳುವುದು, ಇವಕ್ಕೆ ಸರ್ಕಾರದ ಕಾಗದದಲ್ಲಿ ಗಂಟೆ ಮತ್ತು ರೂಪಾಯಿ ಕಂಡವು. 2011ರ ಜೂನ್ 16ರಂದು ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಗೃಹಕಾರ್ಮಿಕರಿಗಾಗಿ 189ನೇ ಒಪ್ಪಂದ ಮಾಡಿತು. ಭಾರತ ಅದರ ಪರ ಮತ ಹಾಕಿತು, ಆದರೆ ಇನ್ನೂ ಅದನ್ನು ಅನುಮೋದಿಸಿಲ್ಲ.

ಕಾಗದದ ಸಂಬಳ ಕೈಗೆ ಬರುವುದು ಬೇರೆ ಮಾತು. ಕಾರ್ಖಾನೆಗೆ ಕಾರ್ಮಿಕ ಇಲಾಖೆಯ ಅಧಿಕಾರಿ ಹೋಗಿ ರಿಜಿಸ್ಟರ್ ನೋಡಬಹುದು. ಮನೆಯಲ್ಲಿ ಯಾವ ರಿಜಿಸ್ಟರ್ ಇರುತ್ತದೆ? 2020ರ ಲಾಕ್‌ಡೌನಿನಲ್ಲಿ ಚಿಕ್ಕಮ್ಮನ ನಾಲ್ಕು ಮನೆಗಳಲ್ಲಿ ಒಂದು ಮನೆಯವರು ಪೂರ್ತಿ ಸಂಬಳ ಕೊಟ್ಟರು, ಇಬ್ಬರು ಅರ್ಧ ಕೊಟ್ಟರು, ಒಬ್ಬರು ಫೋನನ್ನೇ ಎತ್ತಲಿಲ್ಲ. ನಾಲ್ಕೂ ಕಡೆ ಒಂದೇ ಕೈ, ಒಂದೇ ಕೆಲಸ. ಕೇಳಲು ಅವರ ಬಳಿ ಒಂದು ಚೀಟಿಯೂ ಇರಲಿಲ್ಲ.

ಫೋನಿನಲ್ಲಿ ಬುಕ್ ಆಗುವ ಕೆಲಸ

ಈಗ ಅದೇ ಬೀದಿಗಳಿಗೆ ಟೀಶರ್ಟು ತೊಟ್ಟು ಬರುವ 'ಪ್ರೊಫೆಷನಲ್ ಕ್ಲೀನರ್'ಗಳು ಬಂದಿದ್ದಾರೆ. ಯುಗಾದಿ, ದಸರಾ ಹತ್ತಿರವಾದರೆ ಡೀಪ್ ಕ್ಲೀನಿಂಗ್ ಮಾಡಿಸುವವರು ಹೆಚ್ಚು. ನೆಲ ಉಜ್ಜುವ ಯಂತ್ರ, ಧೂಳು ಎಳೆಯುವ ಯಂತ್ರ ಹಿಡಿದು ಮುಂಬಾಗಿಲಿನಲ್ಲೇ ಒಳಗೆ ಬರುತ್ತಾರೆ. ದರ ಮೊದಲೇ ಫೋನಿನಲ್ಲಿ ಕಾಣುತ್ತದೆ, ಚೌಕಾಸಿ ಇಲ್ಲ. 2025ರ ಮಾರ್ಚಿನಲ್ಲಿ ಅರ್ಬನ್ ಕಂಪನಿ 15 ನಿಮಿಷದಲ್ಲಿ ಮನೆಗೆಲಸಕ್ಕೆ ಜನ ಕಳಿಸುವ ಸೇವೆಗೆ 'ಇನ್‌ಸ್ಟಾ ಮೇಡ್ಸ್' ಎಂದು ಹೆಸರಿಟ್ಟಿತು. ಹೆಂಗಸರನ್ನು ಸಾಮಾನಿನಂತೆ ಮಾರುತ್ತಿದ್ದೀರಾ ಎಂದು ಜನ ಬೈದ ಮೇಲೆ ಅದು 'ಇನ್‌ಸ್ಟಾ ಹೆಲ್ಪ್' ಆಯಿತು.

ಹೆಸರು ಬದಲಾದದ್ದು ಒಳ್ಳೆಯದೇ. ಮುಂಬಾಗಿಲಿನಲ್ಲಿ ಬರುವುದೂ ಸಣ್ಣ ವಿಷಯವಲ್ಲ, ಹಿಂದಿನ ಓಣಿಯನ್ನು ನೋಡಿದವರಿಗೆ ಅದು ಗೊತ್ತು. ಆದರೆ ಟೀಶರ್ಟು, ಯಂತ್ರಗಳಿಂದ ಮಾತ್ರ ಯಾರೂ ಪ್ರೊಫೆಷನಲ್ ಆಗುವುದಿಲ್ಲ. ಎಷ್ಟು ಕೆಲಸ, ಎಷ್ಟು ಹೊತ್ತು, ಎಷ್ಟು ಸಂಬಳ, ಯಾವಾಗ ರಜೆ ಎಂದು ಮೊದಲೇ ಮಾತಾಗಿ, ಇಬ್ಬರೂ ಅದಕ್ಕೆ ಬದ್ಧರಾಗುವುದೇ ವೃತ್ತಿ. ಆ ಲೆಕ್ಕದಲ್ಲಿ ಚಿಕ್ಕಮ್ಮನೂ ಪ್ರೊಫೆಷನಲ್ ಆಗಬಹುದು. ಹುಷಾರು ತಪ್ಪಿದ ದಿನದ ಸಂಬಳ ಕತ್ತರಿಸಿಕೊಳ್ಳುವ ಟೀಶರ್ಟಿನ ಹುಡುಗಿ ಇನ್ನೂ ಆಗಿಲ್ಲ.

2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಗೃಹಕಾರ್ಮಿಕರಿಗೆ ಬೇರೆ ಕಾನೂನು ಬೇಕೇ ಎಂದು ನೋಡಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಅದೇ ವರ್ಷ ಕರ್ನಾಟಕವೂ ಗೃಹಕಾರ್ಮಿಕರ ಸಾಮಾಜಿಕ ಭದ್ರತೆಗೆ ಕರಡು ಮಸೂದೆ ತಯಾರಿಸಿತು.

ಊರಿನಿಂದ ಹೊರಡುವ ಮುನ್ನ

ನಿಮ್ಮ ಮನೆಯಿಂದಲೂ ಯಾರಾದರೂ ಈ ಕೆಲಸಕ್ಕೆ ಹೊರಟಿರಬಹುದು. ಚಿಕ್ಕಮ್ಮ ಹೇಳಿದ್ದನ್ನೂ ನಾವು ತಿಳಿದದ್ದನ್ನೂ ಸೇರಿಸಿ ನಾಲ್ಕು ಮಾತು:

ಕೆಲಸ ಹಿಡಿಯುವ ದಿನವೇ ಮನೆಯಲ್ಲಿ ಎಷ್ಟು ಜನ, ಏನೇನು ಕೆಲಸ, ವಾರದ ರಜೆ ಯಾವತ್ತು ಎಂದು ಕೇಳಿ, ವಾಟ್ಸಾಪಿನಲ್ಲಿ ಒಂದು ಮೆಸೇಜಾದರೂ ಹಾಕಿಸಿಕೊಳ್ಳಿ.

ಸಂಬಳ ಫೋನ್‌ಪೇ, ಗೂಗಲ್‌ಪೇಯಂಥದ್ದರಲ್ಲಿ ಬಂದರೆ ಅದೇ ನಿಮ್ಮ ರಿಜಿಸ್ಟರ್. ಇ-ಶ್ರಮ್ ಕಾರ್ಡು ಮಾಡಿಸಿ, ಅದು 2021ರಿಂದ ಇದೆ, ಗೃಹಕಾರ್ಮಿಕರಿಗೂ ಸಿಗುತ್ತದೆ.

ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಯಾವತ್ತೂ ಒಟ್ಟಿಗೆ ಹಾಕಬೇಡಿ. ಮುಚ್ಚಿದ ಬಚ್ಚಲಿನಲ್ಲಿ ಅದರಿಂದ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶ ಸುಡುತ್ತದೆ.

ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಬಾಯಿ ಮುಚ್ಚಿಕೊಳ್ಳಬೇಡಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮನೆಗೆಲಸದವರಿಗೂ ಅನ್ವಯ. ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಆ ದಿನ ಕೊನೆಯ ಮನೆಯ ಕೆಲಸ ಮುಗಿಸಿ ಬಂದ ಚಿಕ್ಕಮ್ಮ ಬಸ್‌ಸ್ಟಾಪಿನವರೆಗೆ ನಮ್ಮ ಜೊತೆ ಬಂದರು. ಅಲ್ಲಿ ಸಿಕ್ಕ ಊರಿನವರೊಬ್ಬರು ಈಗೇನು ಮಾಡ್ತಿದ್ದೀಯಮ್ಮಾ ಎಂದು ಕೇಳಿದರು. ಚಿಕ್ಕಮ್ಮ ನಮ್ಮ ಮುಖ ನೋಡಿದರು. ಆಮೇಲೆ, ದನಿ ತಗ್ಗಿಸದೆ, ಮನೆಗೆಲಸ ಎಂದರು.